ತನ್ನ ಗ್ರಂಥವನ್ನು ಕುರಿತು ತಾನೇ ನುಡಿಯುವುದು

ಗ್ರಂಥಕರ್ತರು ಪ್ರಕಾಶಕರನ್ನು ಆಶ್ರಯಿಸದೆ, ತಮ್ಮ ಕೈಹಣದಿಂದಲೇ ಪುಸ್ತಕವನ್ನು ಅಚ್ಚುಮಾಡಿಸಿ, ಹತ್ತಿಪ್ಪತ್ತು ಜನರ ಕೂಟದಲ್ಲಿ ಕುಳಿತು, ‘ಇದನ್ನು ನಾನು ಬರೆದ ಬಗೆ ಇಂತಹುದು’ ಎಂದು ವಿವರಿಸುವ ಪದ್ಧತಿಯು ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಬಹಳವಾಗಿ ಬೆಳೆದಿದೆ. ಹಿರಿಯರಾದ ಕೆಲವರು ಗೃಹಸ್ಥರಿಗೆ ಇದು ರುಚಿಸುವುದಿಲ್ಲ. ಹೆತ್ತವರಿಗೆ ಹೆಗ್ಗಣವೂ ಮುದ್ದು. ಹೆತ್ತವರ ಬಾಯಿಂದಲೇ ಹೆಗ್ಗಣದ ವರ್ಣನೆಯನ್ನು ಕೇಳುವುದೇಕೆ ಎಂಬುದು ಅವರ ಆಕ್ಷೇಪ.

ಈ ಆಕ್ಷೇಪಕ್ಕೆ ಶಾಸ್ತ್ರದ ಬೆಂಬಲವಿಲ್ಲದೆ ಇಲ್ಲ. ಭಾರತದ ಕರ್ಣಪರ್ವದಲ್ಲಿ ಧರ್ಮರಾಜನು ಗಾಂಡೀವವನ್ನು ಹಳಿಯಲು, ಪ್ರತಿಜ್ಞಾಬದ್ಧನಾದ ಅರ್ಜುನನು ಅಣ್ಣನ ಮೇಲೆಯೇ ಕತ್ತಿಯನ್ನೆತ್ತಿದ ಪ್ರಸಂಗವು ಎಲ್ಲರಿಗೂ ತಿಳಿದುದೇ. ಹಿರಿಯನನ್ನು ಏಕವಚನದಿಂದ ಜರೆದರೆ ಅದೇ ವಧೆಗೆ ಸಮವೆಂದು ಹೇಳಿ ಕೃಷ್ಣನು ಆ ಸಂಕಟವನ್ನು ಪರಿಹರಿಸಿದನು. ಆ ಬಳಿಕ ಅರ್ಜುನನು ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಹೊರಟಾಗ, ನಿನ್ನ ಗುಣಗಳನ್ನು ನೀನೇ ಹೊಗಳಿಕೋ, ಅಲ್ಲಿಗೆ ಆತ್ಮವಧೆ ಆದಂತೆಯೇ ಎಂದನು. ಆತ್ಮಪ್ರಶಂಸೆಯು ಅಷ್ಟು ಘೋರವಾದುದಾದರೆ, ಪ್ರತಿ ಭಾನುವಾರವೂ ನಮ್ಮ ಸಭಾಭವನಗಳಲ್ಲಿ ಎಷ್ಟೋ ಮಂದಿ ಹಾರ ಹಾಕಿಸಿಕೊಂಡು ಪ್ರಾಣಬಿಡುತ್ತಿರುವರೆಂದು ಹೇಳಬೇಕಾಗುವುದು!

ಆದರೆ ತನ್ನನ್ನು ಹೊಗಳಿಕೊಳ್ಳುವುದು ಬೇರೆ. ತನ್ನ ಕೆಲಸದ ಬಗೆಯನ್ನು ತಿಳಿಸುವುದು ಬೇರೆ. ಇಳಕಲ್ಲಿನ ನೇಕಾರನು ಸೀರೆಯನ್ನು ಬಿಡಿಸಿ, ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗಳಿಂದ ಕೂಡಿಸಿದ ಎಡೆಯನ್ನು ಬೆರಳಿಟ್ಟು ತೋರಿಸಿದರೆ ಅದನ್ನು ಜಂಬವೆಂದು ಯಾರೂ ಎನ್ನಲಾರರು. ಕೊಳ್ಳುವವಳಿಗೆ ಅದು ತಿಳಿಯಬೇಕಾದ ವಿಷಯ. ಗ್ರಂಥಕರ್ತನಿಗೆ ಮಾತ್ರ ಆ ಹಕ್ಕು ಇಲ್ಲವೆಂದರೆ ಅದು ನ್ಯಾಯವೇ?

ಮೇಲಾಗಿ, ಈ ಪದ್ಧತಿಯು ಹೊಸದೂ ಅಲ್ಲ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ಶಾಲೆಯ ಉಪಾಧ್ಯಾಯರಾಗಿದ್ದವರು. ಅವರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದರು. ಉತ್ತರ ಕರ್ನಾಟಕದಲ್ಲಿ ಕನ್ನಡವನ್ನು ಓದುವ ಅಭ್ಯಾಸವೇ ಕ್ಷೀಣವಾಗಿದ್ದ ಕಾಲವದು. ಹೊರೆಯನ್ನು ಇಳಿಸಿ ಜಗಲಿಯ ಮೇಲೆ ಕುಳಿತವನು ತನ್ನ ಪುಸ್ತಕದ ವಿಷಯವಾಗಿ ಬಾಯಿ ಬಿಡದಿದ್ದರೆ ಕೊಳ್ಳುವವರಾರು? ಮೈಸೂರು ಸೀಮೆಯಲ್ಲಿ ನಂಜನಗೂಡು ತಿರುಮಲಾಂಬಾ (೧೮೮೭–೧೯೮೨) ಅವರು ಬಾಲ್ಯದಲ್ಲಿಯೇ ವೈಧವ್ಯವನ್ನು ಹೊಂದಿ, ಮನೆಯಲ್ಲಿಯೇ ಓದಿ, ೧೯೧೩ರಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ‘ಸುಶೀಲೆ’ ಎಂಬ ತಮ್ಮ ಕಾದಂಬರಿಯನ್ನು ಪ್ರಕಟಿಸಿದರು. ವಿಧವೆಯಾದವಳು ಹೊರಗೆ ಮುಖ ತೋರುವುದನ್ನೇ ಸಮಾಜವು ಸಹಿಸದಿದ್ದ ಆ ದಿನಗಳಲ್ಲಿ ಬರೆಯುವುದೂ, ಅಚ್ಚುಹಾಕಿಸುವುದೂ, ಮಾರುವುದೂ ಒಬ್ಬರದೇ ಹೊಣೆಯಾಗಿದ್ದುದನ್ನು ನೆನೆದರೆ, ಈಗಿನವರ ಕಷ್ಟವು ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ.

ಬಾಯಿ ಬಿಡದೆ ಹೋದವರೂ ಉಂಟು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಎಂದರೆ ಮುದ್ದಣನು, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದುಕೊಂಡು, ತನ್ನ ಕೃತಿಗಳನ್ನು ಹಳೆಯ ಕವಿಗಳದೆಂಬ ಸೋಗಿನಿಂದ ಮೈಸೂರಿನ ಪತ್ರಿಕೆಗಳಿಗೆ ಕಳುಹಿಸಿದನು. ೧೯೦೧ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿಯೇ ಕ್ಷಯರೋಗಕ್ಕೆ ತುತ್ತಾದನು. ಕೀರ್ತಿಯೆಲ್ಲವೂ ಆಮೇಲೆ ಬಂದಿತು. ಅದರಿಂದ ಅವನ ಒಲೆಯ ಮೇಲೆ ಅನ್ನ ಬೇಯಲಿಲ್ಲ. ವಿನಯವು ದೊಡ್ಡ ಗುಣವೇ ಸರಿ. ಆದರೆ ಅದರ ವೆಚ್ಚವನ್ನು ಹೆಂಡತಿಮಕ್ಕಳು ತೆರಬೇಕಾದಾಗ ಅದನ್ನು ನಾವು ಕಣ್ಣುಮುಚ್ಚಿ ಕೊಂಡಾಡಲಾರೆವು. ವಿಚಿತ್ರವೇನೆಂದರೆ, ಹೆಸರನ್ನು ಅಷ್ಟು ಮರೆಸಿದ ಈ ಕವಿಯೇ ತನ್ನ ‘ರಾಮಾಶ್ವಮೇಧ’ದಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವನ್ನಿಟ್ಟು, ಕಥೆಯನ್ನು ಪದ್ಯದಲ್ಲಿ ಹೇಳಬೇಕೋ ಗದ್ಯದಲ್ಲಿಯೋ, ಸಂಸ್ಕೃತವೆಷ್ಟು, ಕನ್ನಡವೆಷ್ಟು ಎಂಬ ಚರ್ಚೆಯನ್ನೆಲ್ಲ ಮಡದಿಯ ಬಾಯಿಂದಲೇ ಎತ್ತಿಸಿದ್ದಾನೆ. ರಚನೆಯ ಗುಟ್ಟನ್ನು ಅಷ್ಟು ಸರಸವಾಗಿ ಬಿಚ್ಚಿಟ್ಟವರು ಕನ್ನಡದಲ್ಲಿ ವಿರಳ.

ಹಾಗಾದರೆ ಗ್ರಂಥಕರ್ತನು ಸಭೆಯಲ್ಲಿ ಏನನ್ನು ಹೇಳತಕ್ಕದ್ದು? ಇಲ್ಲಿ ನಮಗೆ ರಾಜಶೇಖರನ ‘ಕಾವ್ಯಮೀಮಾಂಸೆ’ಯು ನೆರವಿಗೆ ಬರುತ್ತದೆ. ಈತನು ಸುಮಾರು ಕ್ರಿ. ಶ. ೯೦೦ರ ಹೊತ್ತಿಗೆ ಕನೂಜಿನ ಪ್ರತೀಹಾರ ಅರಸರ ಆಸ್ಥಾನದಲ್ಲಿದ್ದವನು. ಬಹುಕಾಲ ಮರೆಯಾಗಿದ್ದ ಈ ಗ್ರಂಥವು ೧೯೧೬ರಲ್ಲಿ ಬಡೋದೆಯ ಗಾಯಕವಾಡ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಕವಿಯ ದಿನಚರಿಯನ್ನು ಇಷ್ಟು ಲೌಕಿಕವಾಗಿ ಬರೆದವರು ಬೇರೊಬ್ಬರಿಲ್ಲ. ಹಗಲಿನ ಮೊದಲನೆಯ ಜಾವದಲ್ಲಿ ಶಾಸ್ತ್ರಾಭ್ಯಾಸ, ಎರಡನೆಯದರಲ್ಲಿ ರಚನೆ, ಸ್ನಾನ ಭೋಜನಗಳಾದ ಮೇಲೆ ಮೂರನೆಯದರಲ್ಲಿ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ, ಒಬ್ಬನೇ ಆಗಲಿ, ಕೆಲವೇ ಆಪ್ತರೊಡನೆಯಾಗಲಿ, ಬೆಳಿಗ್ಗೆ ಬರೆದುದರ ಪರೀಕ್ಷೆ. ಈ ಕಡೆಯದಕ್ಕೆ ಅವನು ಕೊಡುವ ಕಾರಣವು ಬಹು ಸೂಕ್ಷ್ಮವಾದುದು. ಬರೆಯುವಾಗ ಕವಿಯು ರಸದಲ್ಲಿ ಮುಳುಗಿರುವುದರಿಂದ ವಿವೇಚನೆಯ ಕಣ್ಣು ತೆರೆದಿರುವುದಿಲ್ಲ. ಆದಕಾರಣ ಹೊತ್ತು ಕಳೆದ ಮೇಲೆ ನೋಡಿ, ಹೆಚ್ಚಾದುದನ್ನು ತೆಗೆದು, ಕಡಮೆಯಾದುದನ್ನು ತುಂಬಬೇಕು.

ಕವಿಯ ಬಳಿ ಇರಬೇಕಾದ ಸಾಮಗ್ರಿಗಳನ್ನೂ ಅವನು ಎಣಿಸುತ್ತಾನೆ: ಹಲಗೆ, ಬಳಪ, ಮಸಿಕುಡಿಕೆ, ಲೇಖನಿ, ತಾಳೆಗರಿ, ಭೂರ್ಜಪತ್ರ, ಕಬ್ಬಿಣದ ಕಂಟ, ಅಷ್ಟೇ ಅಲ್ಲ, ಚೆನ್ನಾಗಿ ಒರಸಿದ ಗೋಡೆಗಳು! ಹೊಳೆದುದನ್ನು ಆ ಕ್ಷಣವೇ ಗೋಡೆಯ ಮೇಲೆ ಗೀಚಿಡುವುದಕ್ಕಾಗಿ ಇರಬೇಕು. (ಆ ಗೋಡೆಗಳನ್ನು ಮತ್ತೆ ಒರಸುತ್ತಿದ್ದವರು ಯಾರೆಂಬುದನ್ನು ಅವನು ಬರೆದಿಲ್ಲ; ನಮ್ಮ ಗೃಹಿಣಿಯರು ಊಹಿಸಬಲ್ಲರು.) ಎಲ್ಲವನ್ನೂ ಎಣಿಸಿದ ಮೇಲೆ, ಪ್ರತಿಭೆಯೇ ನಿಜವಾದ ಪರಿಕರವೆಂದು ಮುಗಿಸುತ್ತಾನೆ.

ಅರ್ಧ ಮಾಡಿದ ಕೃತಿಯನ್ನು ಪರರ ಮುಂದೆ ಓದಬಾರದು, ಓದಿದರೆ ಅದು ಮುಗಿಯುವುದೇ ಇಲ್ಲ ಎಂಬುದು ಅವನ ಇನ್ನೊಂದು ಎಚ್ಚರಿಕೆ. ಅಧ್ಯಾಯವೊಂದು ಮುಗಿದ ಸಂಜೆಯೇ ಅದನ್ನು ಮೊಬೈಲಿನ ಮೂಲಕ ನೂರಾರು ಜನಕ್ಕೆ ಕಳುಹಿಸಿ, ಬಂದ ಪ್ರಶಂಸೆಗಳಲ್ಲಿಯೇ ತೃಪ್ತರಾಗಿ ಮುಂದಿನ ಅಧ್ಯಾಯಕ್ಕೆ ಕೈಹಾಕದಿರುವವರು ಇದನ್ನು ಯೋಚಿಸಿ ನೋಡಬೇಕು. ಹೊಸ ಕೃತಿಯನ್ನು ಒಬ್ಬನೇ ಒಬ್ಬನ ಮುಂದೆ ಓದಬಾರದು, ಅವನು ತನ್ನದೆಂದರೆ ಸಾಕ್ಷಿ ಯಾರು ಎಂದೂ ಕೇಳುತ್ತಾನೆ. ಕೃತಿಚೌರ್ಯವು ಸಾವಿರ ವರ್ಷಗಳ ಹಿಂದೆಯೂ ಇದ್ದಿತೆಂಬುದು ಸಮಾಧಾನಕ್ಕೆ ಕಾರಣವೋ ದುಃಖಕ್ಕೆ ಕಾರಣವೋ! ವಿಧಿಯ ವಿಲಾಸವೆಂದರೆ, ಹೀಗೆಲ್ಲ ಎಚ್ಚರಿಸಿದವನು ಹದಿನೆಂಟು ಅಧಿಕರಣಗಳನ್ನು ಸಂಕಲ್ಪಿಸಿದ್ದರೂ ನಮ್ಮ ಕೈಗೆ ಬಂದಿರುವುದು ಮೊದಲನೆಯದೊಂದೇ.

ಸ್ವಂತವಾಗಿ ಪ್ರಕಟಿಸುವವರ ನಿಜವಾದ ತೊಂದರೆಯು ಆತ್ಮಪ್ರಶಂಸೆಯಲ್ಲ; ನಾಲ್ಕನೆಯ ಜಾವವು ಲೋಪವಾಗುವುದು. ಒಳ್ಳೆಯ ಪ್ರಕಾಶಕನ ಮನೆಯಲ್ಲಿ ಹಸ್ತಪ್ರತಿಯನ್ನು ಓದಿ ತಿದ್ದುವವನೊಬ್ಬನಿರುತ್ತಾನೆ. ತಾನೇ ಬರೆದು ತಾನೇ ಅಚ್ಚುಹಾಕಿಸುವವನನ್ನು ತಡೆಯುವವರು ಯಾರೂ ಇಲ್ಲ. ಹಿಂದಿನ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆಯೆಂದು ಒಂದು ಪುಟವಿರುತ್ತಿದ್ದಿತು. ಈಗ ಅದು ಕಾಣುವುದಿಲ್ಲ, ತಪ್ಪುಗಳು ಕಡಮೆಯಾದುದರಿಂದಲ್ಲ.

ಆದಕಾರಣ, ಇಂತಹ ಕೂಟಗಳಿಗೆ ಹೋಗುವ ವಾಚಕ ಮಹಾಶಯರು ಕೇಳಬೇಕಾದ ಪ್ರಶ್ನೆಯೊಂದುಂಟು. ಸ್ಫೂರ್ತಿ ಎಲ್ಲಿಂದ ಬಂದಿತೆಂದು ಎಲ್ಲರೂ ಕೇಳುತ್ತಾರೆ. ಉತ್ತರಗಳೂ ಬಹುಮಟ್ಟಿಗೆ ಒಂದೇ. ಅದನ್ನು ಬಿಟ್ಟು, ‘ನೀವು ಹೊಡೆದುಹಾಕಿದ್ದೇನು? ಯಾರು ಹೇಳಿದುದರಿಂದ ಹೊಡೆದುಹಾಕಿದಿರಿ?’ ಎಂದು ಕೇಳಿರಿ. ಕಷ್ಟಪಟ್ಟು ಬರೆದವನ ಮುಖವು ಆಗ ಅರಳುತ್ತದೆ. ಅವನು ಬಿಟ್ಟ ಪುಟಗಳ ಕಥೆಯು ಎಷ್ಟೋ ವೇಳೆ ಇಟ್ಟ ಪುಟಗಳಿಗಿಂತ ಸ್ವಾರಸ್ಯವಾಗಿರುತ್ತದೆ. ತಿದ್ದುವವರು ಮನೆಯಲ್ಲಿಯೇ ಇರಬಹುದು. ರಾಜಶೇಖರನು ತನ್ನ ಪತ್ನಿಯಾದ ಅವಂತಿಸುಂದರಿಯ ಮತವನ್ನು ಶಾಸ್ತ್ರಗ್ರಂಥದಲ್ಲಿಯೇ ಹೆಸರಿಸಿ ಉದ್ಧರಿಸಿದ್ದಾನೆ. ಒಂದು ಪದವನ್ನು ಕಿತ್ತು ಇನ್ನೊಂದನ್ನಿಡಲಾಗದಿರುವುದೇ ಕಾವ್ಯದ ಪಾಕವೆಂದು ವಾಮನನ ಮತದವರು ಹೇಳಲು, ಅದು ಪಾಕವಲ್ಲ, ಕವಿಯ ಅಶಕ್ತಿ ಎಂದವಳು ಆಕೆ. ಅಂತಹ ಶ್ರೋತೃವು ಅಡಿಗೆಮನೆಯಲ್ಲಿಯೇ ಇರುವಾಗ ಮುನ್ನುಡಿಗಾಗಿ ದೊಡ್ಡವರ ಬಾಗಿಲನ್ನು ಕಾಯುವುದೇತಕ್ಕೆ?

ಗೌರವಪ್ರತಿಯ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇವೆ. ಮದುವೆಯ ಮನೆಯಲ್ಲಿ ಐನೂರು ರೂಪಾಯಿ ಮುಯ್ಯಿ ಮಾಡುವ ಬಂಧುಗಳು, ಅದೇ ಮನೆಯವನು ಪುಸ್ತಕ ಬರೆದರೆ ಒಂದು ಪ್ರತಿಯನ್ನು ಧರ್ಮಕ್ಕೆ ಬೇಡುತ್ತಾರೆ, ಕೊಟ್ಟರೆ ಓದುವುದೂ ಇಲ್ಲ. ಕ್ರಯಕ್ಕೆ ಕೊಂಡವನು ಹತ್ತು ಪುಟವನ್ನಾದರೂ ತಿರುವುತ್ತಾನೆ.

ಗ್ರಂಥವು ಮುಗಿದೊಡನೆ ಅನೇಕ ಪ್ರತಿಗಳನ್ನು ಮಾಡಿಸಬೇಕೆಂದು ರಾಜಶೇಖರನು ವಿಧಿಸಿದುದು ಬೆಂಕಿ ನೀರುಗಳ ಭಯದಿಂದ. ಈಗಿನ ಭಯವು ಅದಕ್ಕೆ ವಿಪರೀತವಾದುದು: ಒಮ್ಮೆಗೇ ಐನೂರು ಪ್ರತಿಗಳನ್ನು ಅಚ್ಚುಹಾಕಿಸಿ, ನಾನೂರನ್ನು ಮಂಚದ ಕೆಳಗೆ ಗೆದ್ದಲಿಗೆ ಒಪ್ಪಿಸುವುದು. ಬೇಕಾದಷ್ಟನ್ನೇ ಅಚ್ಚುಹಾಕಿಕೊಡುವ ಯಂತ್ರಗಳು ಬಂದಿರುವುದರಿಂದ ಮೊದಲು ಐವತ್ತೇ ಪ್ರತಿಗಳನ್ನು ಹಾಕಿಸುವುದು ಸಾಧ್ಯವಿದೆ. ಪ್ರತಿಯೊಂದರ ಬೆಲೆ ಕೊಂಚ ಹೆಚ್ಚಾಗುವುದು ನಿಜ. ಆದರೆ ಅವುಗಳಲ್ಲಿ ಹತ್ತಾದರೂ ಅಂಚಿನಲ್ಲಿ ಪೆನ್ಸಿಲ್ಲಿನ ಗುರುತುಗಳನ್ನು ಹೊತ್ತುಕೊಂಡು ಕರ್ತೃವಿನ ಮನೆಗೆ ಹಿಂದಿರುಗಿದರೆ, ಎರಡನೆಯ ಐವತ್ತಕ್ಕೆ ಒಪ್ಪೋಲೆಯ ಅಗತ್ಯವೇ ಇರುವುದಿಲ್ಲ.