ಆತಕೂರಿನ ಕಲ್ಲು ಮತ್ತು ಒಂದು ಅವಸರದ ತೀರ್ಪು

ಮಂಡ್ಯ ತಾಲ್ಲೂಕಿನ ಬಸರಾಳಿಗೆ ಹೋದವರು ಅಲ್ಲಿಯ ಮಲ್ಲಿಕಾರ್ಜುನ ದೇವಾಲಯವನ್ನು ನೋಡದೆ ಮರಳುವುದಿಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕನು ಕಟ್ಟಿಸಿದ ಗುಡಿ ಅದು. ದಂಡಿನ ಅಧಿಕಾರದಿಂದ ಬಂದ ಸಿರಿಯು ಶಿಲ್ಪವಾಗಿ ಅಲ್ಲಿ ಕಣ್ಣಿಗೆ ಕಾಣುತ್ತದೆ. ಅದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿಗೆ, ಇಂದಿನ ಆತಗೂರಿಗೆ, ಹೀಗೆ ಹುಡುಕಿಕೊಂಡು ಹೋಗುವ ಸಾಹಿತ್ಯದ ವಿದ್ಯಾರ್ಥಿಗಳು ವಿರಳ. ಹೋದರೂ ಆ ಊರಿಗೆ ಹೆಸರು ತಂದ ಕಲ್ಲು ಅಲ್ಲಿಲ್ಲ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಯುದ್ಧಕಾಲದ ಒಂದು ಸಾವಿನ ರಹಸ್ಯ, ಅದರ ಸುತ್ತ ಹುಟ್ಟಿದ ಒಂದು ಆರೋಪ, ಆ ಆರೋಪವು ಬಿದ್ದುಹೋದ ಬಗೆ, ಈ ಮೂರನ್ನೂ ಒಟ್ಟಿಗೆ ಕಲಿಸಬಲ್ಲ ಕನ್ನಡದ ದಾಖಲೆ ಬೇಕೆಂದರೆ ಬಸರಾಳಿನಿಂದ ಆತಕೂರಿನ ಕಡೆಗೇ ಹೊರಳಬೇಕು.

ಶಕ 872ರ, ಎಂದರೆ ಕ್ರಿ.ಶ. 949-50ರ, ಆ ಕಲ್ಲಿನ ಮೇಲೆ ಕೆತ್ತಿರುವುದು ನಾಯಿ ಮತ್ತು ಕಾಡುಹಂದಿಯ ಕಾಳಗ. ಗಂಗ ದೊರೆ ಇಮ್ಮಡಿ ಬೂತುಗನ ಆಳು ಮಣಲೆರನು ಚೋಳರ ಮೇಲಿನ ಯುದ್ಧದಲ್ಲಿ ಪರಾಕ್ರಮ ಮೆರೆದನು. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯು ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದಿತು, ಎರಡೂ ಸತ್ತವು. ಮಣಲೆರನು ಊರ ಶಿವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ನಿತ್ಯ ಪೂಜೆಯ ಕಟ್ಟಳೆ ಮಾಡಿದನು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಪಠ್ಯಪುಸ್ತಕಗಳಲ್ಲಿ ಈ ಶಾಸನವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ: ನಾಯಿಗೊಂದು ವೀರಗಲ್ಲು ಎಂಬ ಸೋಜಿಗ. ಆದರೆ ಅದೇ ಕಲ್ಲು ದಕ್ಷಿಣ ಭಾರತದ ಇತಿಹಾಸವನ್ನು ತಿರುಗಿಸಿದ ಒಂದು ಸಾವಿಗೂ ಸಾಕ್ಷಿ ನುಡಿಯುತ್ತದೆ. ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳ ಪರಾಂತಕನ ಮಗ ರಾಜಾದಿತ್ಯನಿಗೂ ನಡೆದ ಯುದ್ಧದಲ್ಲಿ ರಾಜಾದಿತ್ಯನು ಮಡಿದನು. ಅವನನ್ನು ಕೊಂದವನು ಕೃಷ್ಣನ ಸೋದರಿ ರೇವಕನಿಮ್ಮಡಿಯ ಗಂಡನಾದ ಬೂತುಗನು ಎಂದು ಆತಕೂರಿನ ಕಲ್ಲು ಹೇಳುತ್ತದೆ. ಹೇಗೆ ಕೊಂದನು ಎಂಬುದೇ ಪ್ರಶ್ನೆ.

1890ರ ದಶಕದಲ್ಲಿ ಶಾಸನವನ್ನು ಸಂಪಾದಿಸಿದ ಜೆ. ಎಫ್. ಫ್ಲೀಟರು ವೃತ್ತಿಯಿಂದ ಮುಂಬಯಿ ಪ್ರಾಂತದ ಆಡಳಿತಾಧಿಕಾರಿ. ಶಾಸನವಿದ್ಯೆಯಲ್ಲಿ ಅವರ ಸಾಧನೆ ಅಸಾಧಾರಣ. ಕನ್ನಡ ನಾಡಿನ ರಾಜವಂಶಗಳ ಕಾಲಾನುಕ್ರಮಕ್ಕೆ ಅವರು ಹಾಕಿದ ಅಡಿಪಾಯ ದೊಡ್ಡದು. ಆದರೆ ರಾಜಾದಿತ್ಯನ ಸಾವನ್ನು ಹೇಳುವ ಸಾಲಿನಲ್ಲಿ ಅವರು ಮೊದಲು ಕಂಡದ್ದು ವಂಚನೆಯನ್ನು. ಬೂತುಗನು ಮೋಸದಿಂದ ಇರಿದು ಕೊಂದನು ಎಂಬ ಅರ್ಥ ಆ ಅನುವಾದದಿಂದ ಹೊರಟಿತು. ರಣರಂಗದ ಸಾವು ಒಂದೇ ಸಾಲಿನ ಓದಿನಿಂದ ಕೊಲೆಯಾಯಿತು. ಸಾವಿರ ವರ್ಷಗಳ ಹಿಂದಿನ ದೊರೆಯೊಬ್ಬನು ಅಪರಾಧಿಯಾದನು.

ಅನಂತರದ ಪರಿಶೀಲನೆಯಲ್ಲಿ ಈ ಅರ್ಥ ನಿಲ್ಲಲಿಲ್ಲ. ತೊಡಕಿನ ಮೂಲ ‘ಬಿಸುಗೆ’ ಎಂಬ ಹಳಗನ್ನಡ ಪದ. ಬೆಸೆಯುವಿಕೆ, ಕೂಡಿಕೆ ಎಂಬುದು ಇಂದಿನ ಕಿವಿಗೆ ಮೊದಲು ಕೇಳುವ ಅರ್ಥ. ಆದರೆ ಆನೆಯ ಬೆನ್ನ ಮೇಲಿನ ಆಸನಕ್ಕೂ ಅದೇ ಹೆಸರು. ಬಿಸುಗೆಯನ್ನೇ ಕಳನನ್ನಾಗಿಸಿಕೊಂಡು, ಎಂದರೆ ಅಂಬಾರಿಯನ್ನೇ ಯುದ್ಧಭೂಮಿಯಾಗಿಸಿಕೊಂಡು, ಬೂತುಗನು ರಾಜಾದಿತ್ಯನನ್ನು ಇರಿದನು ಎಂಬುದು ಈಗ ವಿದ್ವಾಂಸರು ಒಪ್ಪಿರುವ ಅರ್ಥ. ಶತ್ರುವಿನ ಆನೆಯನ್ನೇರಿ ಮುಖಾಮುಖಿ ಹೋರಾಡಿದ ಚಿತ್ರ ಇದು. ವಂಚನೆ ಅಲ್ಲಿಲ್ಲ.

ಇದು ಕೇವಲ ನಿಘಂಟಿನ ಮಾತಾಗಿದ್ದರೆ ಒಂದು ಅರ್ಥದ ಬದಲು ಇನ್ನೊಂದನ್ನು ಇಟ್ಟಂತಾಗುತ್ತಿತ್ತು. ಹೊಸ ಅರ್ಥಕ್ಕೆ ಬಲ ಬಂದಿರುವುದು ಎದುರಾಳಿಗಳ ಸಾಕ್ಷ್ಯದಿಂದ. ತಮಿಳು ಶಾಸನಗಳಲ್ಲಿ ರಾಜಾದಿತ್ಯನಿಗೆ ಆನೆಯ ಮೇಲೆ ಮಡಿದ ದೇವ ಎಂಬರ್ಥದ ಬಿರುದಿದೆ. ಸುಮಾರು ಅರ್ಧ ಶತಮಾನದ ಬಳಿಕ ಚೋಳರೇ ಬರೆಯಿಸಿದ, ಈಗ ಲೈಡನ್ನಿನಲ್ಲಿ ಹೆಸರಾದ ತಾಮ್ರಪಟಗಳೂ ಅವನು ಆನೆಯ ಮೇಲಿದ್ದಾಗಲೇ ಸತ್ತನೆನ್ನುತ್ತವೆ. ಮೋಸ ನಡೆದಿದ್ದರೆ ಅದನ್ನು ಎತ್ತಿ ಹೇಳಬೇಕಾದವರು ಸತ್ತವನ ಮನೆಯವರು. ಅವರು ಹಾಗೆ ಹೇಳಿಲ್ಲ. ಇನ್ನೂ ಸರಳವಾದ ಮಾತೊಂದಿದೆ. ಈ ಕಲ್ಲನ್ನು ನಿಲ್ಲಿಸಿದವನು ಬೂತುಗನ ಆಳು. ತನ್ನ ಒಡೆಯನು ವಂಚಕನೆಂದು ಅವನು ಕಲ್ಲಿನಲ್ಲಿ ಕೆತ್ತಿಸಿ, ಅದಕ್ಕೆ ನಿತ್ಯ ಪೂಜೆ ಇಡುತ್ತಿದ್ದನೆ? ಪದಕೋಶವನ್ನು ತೆರೆಯುವ ಮೊದಲೇ ಕೇಳಬಹುದಾಗಿದ್ದ ಪ್ರಶ್ನೆ ಇದು.

ಹಾಗೆಂದು ಎಲ್ಲ ಗಂಟೂ ಬಿಚ್ಚಿಲ್ಲ. ಲೈಡನ್ ತಾಮ್ರಪಟದ ಪ್ರಕಾರ ರಾಜಾದಿತ್ಯನ ಎದೆ ಸೀಳಿದ್ದು ಕೃಷ್ಣರಾಜನ ಬಾಣ. ಆತಕೂರಿನ ಪ್ರಕಾರ ಬೂತುಗನ ಇರಿತ. ಒಂದು ಘಟನೆಗೆ ತೀರ ಹತ್ತಿರದ ದಾಖಲೆ, ಆದರೆ ಗೆದ್ದವರ ಪಕ್ಷದ್ದು. ಇನ್ನೊಂದು ಸೋತವರ ನೆನಪು, ಆದರೆ ತಡವಾದದ್ದು. ತಮ್ಮ ರಾಜಕುಮಾರನು ಸಾಮಂತನೊಬ್ಬನ ಕೈಯಲ್ಲಿ ಸತ್ತನೆನ್ನುವುದಕ್ಕಿಂತ ಚಕ್ರವರ್ತಿಯ ಬಾಣಕ್ಕೆ ಬಿದ್ದನೆನ್ನುವುದು ಅವರ ವಂಶದ ಮಾನಕ್ಕೆ ಒಪ್ಪುವ ಮಾತು. ಬೂತುಗನಿಗೆ ದೊರೆತ ಬಹುಮಾನದ ವಿಷಯದಲ್ಲಿಯೂ ಇದೇ ಕಥೆ. ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವನ್ನು ಕೃಷ್ಣನು ಮೆಚ್ಚಿ ಕೊಟ್ಟನೆಂದು ಆತಕೂರು ಹೇಳಿದರೆ, ಹೆಬ್ಬಾಳದ ಶಾಸನವು ಬನವಾಸಿಯನ್ನು ಬಿಟ್ಟು ಉಳಿದ ನಾಡುಗಳನ್ನು ರೇವಕನಿಮ್ಮಡಿಯ ಮದುವೆಯ ಬಳುವಳಿ ಎನ್ನುತ್ತದೆ. ಇಂಥ ಕಡೆ ಒಂದು ಕಲ್ಲನ್ನು ನಂಬಿ ಇನ್ನೊಂದನ್ನು ಸುಳ್ಳೆನ್ನುವುದು ಸುಲಭ. ಎರಡೂ ಯಾರಿಗಾಗಿ, ಯಾವಾಗ, ಏನನ್ನು ಸ್ಥಾಪಿಸಲು ಹುಟ್ಟಿದವು ಎಂದು ವಿಚಾರಿಸುವುದೇ ಸಂಶೋಧನೆ.

ಪತ್ತೇದಾರಿ ಕಾದಂಬರಿಯನ್ನು ಕನ್ನಡದ ವಿಮರ್ಶೆಯು ಬಹುಕಾಲ ಪಂಕ್ತಿಯಿಂದ ಹೊರಗಿಟ್ಟಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಓದುವ ಚಟ ಹತ್ತಿಸಿಕೊಂಡವರು ಅಸಂಖ್ಯ. ಅವನನ್ನು ತರಗತಿಯಲ್ಲಿ ಹೆಸರಿಸಿದವರು ಕಡಿಮೆ. ಆದರೆ ಶಾಸನ ಸಂಶೋಧಕನಿಗೆ ಆ ಪ್ರಕಾರದಿಂದ ಕಲಿಯಬೇಕಾದುದಿದೆ. ಇಂಗ್ಲಿಷಿನ ಜೋಸೆಫಿನ್ ಟೇ 1951ರಲ್ಲಿ ಪ್ರಕಟಿಸಿದ ‘ದ ಡಾಟರ್ ಆಫ್ ಟೈಮ್’ ಕಾದಂಬರಿಯಲ್ಲಿ, ಆಸ್ಪತ್ರೆಯ ಹಾಸಿಗೆ ಹಿಡಿದ ಪೊಲೀಸ್ ಅಧಿಕಾರಿಯೊಬ್ಬನು ಮೂರನೆಯ ರಿಚರ್ಡ್ ದೊರೆಯ ಮೇಲಿನ ಕೊಲೆಯ ಆರೋಪವನ್ನು ಪುಸ್ತಕಗಳ ಮೂಲಕವೇ ಮರುವಿಚಾರಣೆಗೆ ಒಡ್ಡುತ್ತಾನೆ. ಅದೇ ದೊರೆ 1485ರಲ್ಲಿ ಯುದ್ಧದಲ್ಲಿ ಸತ್ತು ಎಲ್ಲಿ ಹೂಳಲ್ಪಟ್ಟನೆಂಬುದು ಮರೆತುಹೋಗಿತ್ತು. ವೃತ್ತಿಯಿಂದ ಇತಿಹಾಸಕಾರರಲ್ಲದ, ಚಿತ್ರಕಥೆ ಬರೆಯುತ್ತಿದ್ದ ಫಿಲಿಪಾ ಲ್ಯಾಂಗ್ಲಿಯವರ ಹಟದಿಂದ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಅಡಿಯಲ್ಲಿ ಅವನ ಅಸ್ಥಿ ದೊರೆಯಿತು. ಹಟ ಅವರದು, ಆದರೆ ಅಗೆದವರೂ ಪರೀಕ್ಷಿಸಿದವರೂ ವಿಶ್ವವಿದ್ಯಾಲಯದ ತಜ್ಞರು. ಹವ್ಯಾಸಿಯ ಕುತೂಹಲ ಮತ್ತು ಶಾಸ್ತ್ರದ ಶಿಸ್ತು ಒಂದಕ್ಕೊಂದು ವೈರಿಗಳಲ್ಲ ಎಂಬುದಕ್ಕೆ ಇದು ನಿದರ್ಶನ.

ಜೈನ ವಿದ್ವತ್ತಿಗೆ ಇಲ್ಲಿ ಒಂದು ವಿಶೇಷ ಹೊಣೆಯಿದೆ. ಗಂಗವಂಶ ಜಿನಧರ್ಮದ ಆಶ್ರಯದಾತ ವಂಶ. ಬೂತುಗನ ಮಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟ ಸಂಗತಿಯನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಸಾರುತ್ತದೆ. ಅಂಥ ವಂಶದ ದೊರೆಯ ಮೇಲಿನ ಕಳಂಕ ತೊಳೆದುಹೋದಾಗ ಸಂತೋಷಪಡುವುದು ಸಹಜ. ಆದರೆ ಅವನು ನಿರ್ದೋಷಿಯಾದದ್ದು ಜೈನನೆಂಬ ಕಾರಣಕ್ಕಲ್ಲ. ಒಂದು ಪದದ ಅರ್ಥ ಮತ್ತು ಮೂರು ಕಡೆಯ ಸಾಕ್ಷ್ಯ ಕೂಡಿಬಂದ ಕಾರಣಕ್ಕೆ. ಅದೇ ಆತಕೂರಿನ ಕಲ್ಲು ಬೂತುಗನು ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಆಳಿದನೆಂಬುದನ್ನೂ ಮುಚ್ಚಿಡದೆ ಹೇಳುತ್ತದೆ. ಒಂದು ಸಾಲನ್ನು ಎತ್ತಿಹಿಡಿದು ಇನ್ನೊಂದನ್ನು ಮರೆಸುವುದು ಪಕ್ಷಪಾತವಾಗುತ್ತದೆ. ವಸ್ತುವಿಗೆ ಹಲವು ಮುಖಗಳಿವೆ, ಒಂದೇ ನಯದಿಂದ ಅದನ್ನು ಹಿಡಿಯಲಾಗದು ಎಂದು ಕಲಿಸಿದ ಅನೇಕಾಂತದ ಪರಂಪರೆಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ಹಳೆಯ ವ್ಯಾಜ್ಯವನ್ನು ಈಗ ನೆನೆಯಲು ಕಾರಣವಿದೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಪಾಳುಗುಡಿಯ ಹಿಂದೆ ಬಿದ್ದ ವೀರಗಲ್ಲುಗಳನ್ನು ಹುಡುಕುವ ಹವ್ಯಾಸಿಗಳು ಇಂದು ಊರೂರಿನಲ್ಲಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯಂಥ ಸಂಸ್ಥೆಯು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು ಕೈಗೊಂಡಿದೆ. ಇವರ ಶ್ರಮವನ್ನು ಪದವೀಧರರು ಹಗುರವಾಗಿ ಕಾಣುವುದು ತಪ್ಪು. ಆದರೆ ಕಲ್ಲು ಕಂಡ ಸಂಜೆಯೇ ಮೊಬೈಲಿನ ಚಿತ್ರವೊಂದನ್ನು ನೋಡಿ ಓದು, ಅರ್ಥ, ಕಾಲ, ಜಾತಿ, ಮತ ಎಲ್ಲವನ್ನೂ ತೀರ್ಮಾನಿಸಿ ಹರಡುವ ರೂಢಿಯೂ ಬೆಳೆದಿದೆ. ಹಳಗನ್ನಡವನ್ನು ಬಲ್ಲ ಫ್ಲೀಟರಂಥವರೇ ಒಂದು ಪದದಲ್ಲಿ ಎಡವಿದರೆ, ಸವೆದ ಅಕ್ಷರವನ್ನು ಊಹೆಯಿಂದ ತುಂಬುವವರು ಎಷ್ಟು ಎಚ್ಚರದಿಂದಿರಬೇಕು!

ವಿದ್ಯಾರ್ಥಿಗಳು ಪಾಲಿಸಬಹುದಾದ ಕ್ರಮ ಕಠಿಣವೇನಲ್ಲ. ಕಲ್ಲಿನಲ್ಲಿ ಇರುವುದನ್ನೂ ತಾವು ಊಹಿಸಿದುದನ್ನೂ ಬೇರೆ ಬೇರೆ ಬರೆಯಬೇಕು. ಯುದ್ಧದ ಸಂಗತಿಯಾದರೆ ಎದುರು ಪಕ್ಷದ ದಾಖಲೆಯನ್ನು ಅದರ ಭಾಷೆಯಲ್ಲಿಯೇ ಹುಡುಕಬೇಕು. ತಮಿಳನ್ನು ಬಿಟ್ಟು ಗಂಗ ಚರಿತ್ರೆ ಪೂರ್ಣವಾಗದು. ಸಂಶಯವಿರುವ ಪದಕ್ಕೆ ಸಮಕಾಲೀನ ಕಾವ್ಯಗಳ ಪ್ರಯೋಗವನ್ನು ನೋಡಬೇಕು. ಓದು ತಿದ್ದಲ್ಪಟ್ಟಾಗ ಆ ತಿದ್ದುಪಡಿಯನ್ನು ಮೊದಲ ಆರೋಪದಷ್ಟೇ ಗಟ್ಟಿಯಾದ ದನಿಯಲ್ಲಿ ಹೇಳಬೇಕು. ಕೊನೆಯದೇ ಹೆಚ್ಚು ಕಷ್ಟ. ಮೋಸದ ಕಥೆಗೆ ರುಚಿ ಹೆಚ್ಚು, ಆದ್ದರಿಂದ ಅದು ಬಹುದೂರ ಹೋಗುತ್ತದೆ. ಅದನ್ನು ಅಳಿಸುವ ಅಡಿಟಿಪ್ಪಣಿಯನ್ನು ಓದುವವರು ಬೆರಳೆಣಿಕೆಯವರು.

ಪೂಜಿಸದೆ ಉಣ್ಣಬಾರದೆಂದು ಮಣಲೆರನು ಕಟ್ಟಳೆ ಮಾಡಿದ ಕಲ್ಲಿಗೆ ಈಗ ಗೊರವನೂ ಇಲ್ಲ, ನೈವೇದ್ಯವೂ ಇಲ್ಲ. ಮತ್ತೆ ಮತ್ತೆ ಅದರ ಮುಂದೆ ನಿಂತು ಸಾಲು ಸಾಲಾಗಿ ಓದುವುದೊಂದೇ ಅದಕ್ಕೆ ಸಲ್ಲಬೇಕಾದ ಉಳಿದ ಪೂಜೆ. ಅದನ್ನು ಮಾಡದೆ ತೀರ್ಪು ಕೊಡುವವರಿಗೆ ಆ ಶಾಸನದ ಎಚ್ಚರಿಕೆ ಇಂದಿಗೂ ಅನ್ವಯಿಸುತ್ತದೆ.