ತಗ್ಗಿಸಿದ ಕಾರು, ಸವೆದ ಟೈರು

ಬೆಂಗಳೂರಿನ ದಕ್ಷಿಣ ಭಾಗಕ್ಕೆ ಸೇರಿದ ಶ್ರೀನಗರ, ಹನುಮಂತನಗರ, ಬನಶಂಕರಿ ಮೊದಲಾದ ಬಡಾವಣೆಗಳ ಬೀದಿಗಳಲ್ಲಿ, ನೆಲಕ್ಕೆ ತೀರ ಸಮೀಪವಾಗುವಂತೆ ತಗ್ಗಿಸಿದ ಕಾರುಗಳು ಆಗಾಗ್ಗೆ ಕಣ್ಣಿಗೆ ಬೀಳುತ್ತವೆ. ಪಂದ್ಯದ ಕಾರಿನ ಠೀವಿಯನ್ನು ಮನೆಯ ಕಾರಿಗೂ ತರಬೇಕೆಂಬ ಆಸೆ ತರುಣರಿಗೆ ಸಹಜವಾದುದು. ಇದಕ್ಕಾಗಿ ಗಿಡ್ಡ ಸ್ಪ್ರಿಂಗುಗಳನ್ನು ಕೊಂಡು ಹಾಕಿಸುವವರುಂಟು. ಇದ್ದ ಸ್ಪ್ರಿಂಗಿನ ಒಂದು ಸುತ್ತನ್ನೇ ಕತ್ತರಿಸಿಬಿಡುವವರೂ ಉಂಟು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಟೈರು ಒಂದೇ ಅಂಚಿನಲ್ಲಿ ಸವೆದು ಬೋಳಾಗುತ್ತದೆ. ಆಗ ಕೇಳಿಬರುವ ಸಮಾಧಾನದ ಮಾತು ಒಂದೇ: “ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ.” ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ. ಉಳಿದರ್ಧವನ್ನು ಮರೆತವರು ಹಣವನ್ನಷ್ಟೇ ಅಲ್ಲದೆ ಪ್ರಾಣವನ್ನೂ ಪಣವಾಗಿಡುತ್ತಾರೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣವೇನೆಂಬುದನ್ನು ಪ್ರೌಢಶಾಲೆಯ ರೇಖಾಗಣಿತವನ್ನೂ ಭೌತಶಾಸ್ತ್ರವನ್ನೂ ಬಳಸಿಯೇ ವಿಚಾರಿಸಬಹುದು.

ಚಕ್ರದ ನಿಲುವನ್ನು ಮೂರು ಕೋನಗಳಿಂದ ಸೂಚಿಸುತ್ತಾರೆ. ಕಾರಿನ ಎದುರಿಗೆ ನಿಂತು ನೋಡಿದಾಗ ಚಕ್ರವು ಲಂಬರೇಖೆಯಿಂದ ಎಷ್ಟು ವಾಲಿದೆಯೆಂಬುದು ‘ಕ್ಯಾಂಬರ್’. ಚಕ್ರದ ಮೇಲ್ಭಾಗ ಕಾರಿನ ಒಳಕ್ಕೆ ವಾಲಿದ್ದರೆ ಅದು ಋಣ ಕ್ಯಾಂಬರ್. ಮೇಲಿನಿಂದ ನೋಡಿದಾಗ ಎಡಬಲದ ಚಕ್ರಗಳು ಒಂದಕ್ಕೊಂದು ಸಮಾಂತರವಾಗಿವೆಯೇ, ಮುಂದುಗಡೆ ಒಳಮುಖವಾಗಿವೆಯೇ, ಹೊರಮುಖವಾಗಿವೆಯೇ ಎಂಬುದನ್ನು ತಿಳಿಸುವುದು ‘ಟೋ’. ಚಕ್ರವು ತಿರುಗಿಕೊಳ್ಳುವ ಅಕ್ಷವನ್ನು ಪಕ್ಕದಿಂದ ನೋಡಿದಾಗ ಅದು ಹಿಂದಕ್ಕೆ ಎಷ್ಟು ಬಾಗಿದೆಯೆಂಬುದು ‘ಕ್ಯಾಸ್ಟರ್’. ಈ ಮೂರನೆಯದು ಕಾರು ನೇರವಾಗಿ ಓಡಲು ನೆರವಾಗುತ್ತದೆ. ಟೈರಿನ ಸವೆತಕ್ಕೆ ಮುಖ್ಯ ಕಾರಣಗಳು ಮೊದಲೆರಡು.

ಇನ್ನು ಕಾರನ್ನು ತಗ್ಗಿಸಿದಾಗ ಈ ಕೋನಗಳು ಏಕೆ ಬದಲಾಗಬೇಕು? ಇಂದಿನ ಹೆಚ್ಚಿನ ಚಿಕ್ಕ ಕಾರುಗಳ ಮುಂಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು ಇರುತ್ತದೆ. ಫೋರ್ಡ್ ಕಂಪೆನಿಯ ಎಂಜಿನಿಯರಾಗಿದ್ದ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಇದು 1950ರ ಸುಮಾರಿಗೆ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1983ರಲ್ಲಿ ಹೊರಬಂದ ಮಾರುತಿ 800 ಕಾರಿನಲ್ಲಿಯೂ ಇದೇ ಇದ್ದಿತು. ಸ್ಪ್ರಿಂಗನ್ನು ಹೊತ್ತ ಕಂಬದಂತಹ ಭಾಗವೊಂದರ ಮೇಲ್ತುದಿ ಕಾರಿನ ಒಡಲಿಗೆ ಸೇರಿರುತ್ತದೆ. ಕೆಳತುದಿಯನ್ನು ಒಂದು ಅಡ್ಡತೋಳು ಹಿಡಿದಿರುತ್ತದೆ. ಚಕ್ರವು ಈ ಕಂಬಕ್ಕೆ ಬಿಗಿಯಾಗಿ ಹೊಂದಿಕೊಂಡಿರುತ್ತದೆ. ಸಾಧಾರಣವಾಗಿ ಅಡ್ಡತೋಳಿನ ಹೊರತುದಿ ಒಳತುದಿಗಿಂತ ಸ್ವಲ್ಪ ಕೆಳಗಿರುತ್ತದೆ. ತೋಳಿನ ಉದ್ದ 300 ಮಿಲಿಮೀಟರ್, ಅದರ ಇಳಿಜಾರು 10 ಡಿಗ್ರಿ ಎಂದು ಭಾವಿಸೋಣ. ಕಾರನ್ನು 52 ಮಿಲಿಮೀಟರಿನಷ್ಟು ತಗ್ಗಿಸಿದರೆ ತೋಳು ನೆಲಕ್ಕೆ ಸಮಾಂತರವಾಗುತ್ತದೆ. ಅದರ ಹೊರತುದಿ ಸುಮಾರು 4.5 ಮಿಲಿಮೀಟರ್ ಹೊರಕ್ಕೆ ಸರಿಯುತ್ತದೆ. ಜೊತೆಗೆ ಕಂಬದ ಉದ್ದವೂ ಕುಗ್ಗುವುದರಿಂದ ಅದರ ಓರೆ ಇನ್ನಷ್ಟು ಹೆಚ್ಚುತ್ತದೆ. ಎರಡೂ ಸೇರಿ ಚಕ್ರವು ಒಂದು ಡಿಗ್ರಿಗೂ ಮಿಗಿಲಾಗಿ ಒಳಕ್ಕೆ ವಾಲಬಹುದು. ಇದೇ ವೇಳೆ ಚಕ್ರವನ್ನು ತಿರುಗಿಸುವ ಸ್ಟಿಯರಿಂಗಿನ ಸರಳು ತನ್ನದೇ ಬೇರೊಂದು ಕಂಸದಲ್ಲಿ ಚಲಿಸುತ್ತದೆ. ತೋಳಿನ ಕಂಸವೂ ಸರಳಿನ ಕಂಸವೂ ಒಂದಕ್ಕೊಂದು ಹೊಂದದಿದ್ದರೆ ಟೋ ಸಹ ಕೆಡುತ್ತದೆ. ಅದು ಒಳಮುಖವಾಗುವುದೋ ಹೊರಮುಖವಾಗುವುದೋ ಎಂಬುದು ಸರಳು ಚಕ್ರದ ಅಕ್ಷಕ್ಕೆ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಅವಲಂಬಿಸಿದೆ.

ವಾಲಿದ ಚಕ್ರದ ನಡೆಯನ್ನು ಅರಿಯಲು ಬಾಯಿ ಅಗಲವಾಗಿ ಬುಡ ಕಿರಿದಾದ ಒಂದು ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿರಿ. ಅದು ನೇರವಾಗಿ ಹೋಗದೆ ವೃತ್ತಾಕಾರವಾಗಿ ಸುತ್ತುತ್ತದೆ. ವಾಲಿದ ಟೈರಿನ ಪ್ರವೃತ್ತಿಯೂ ಇಂಥದೇ. ಅದನ್ನು ನೇರವಾಗಿ ಓಡುವಂತೆ ಕಾರು ಬಲವಂತ ಮಾಡುತ್ತದೆ. ಭಾರವೆಲ್ಲ ಒಳ ಅಂಚಿನ ಮೇಲೆ ಬಿದ್ದು ಅಲ್ಲಿನ ರಬ್ಬರು ಬೇಗ ತೇಯುತ್ತದೆ.

ಆದರೆ ಕ್ಯಾಂಬರಿಗಿಂತಲೂ ಹೆಚ್ಚಿನ ಹಾನಿಯನ್ನು ಸಾಮಾನ್ಯವಾಗಿ ಮಾಡತಕ್ಕದ್ದು ಟೋ. ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 14 ಅಂಗುಲದ ರಿಮ್ಮಿನ ವ್ಯಾಸ ಸುಮಾರು 356 ಮಿಲಿಮೀಟರ್. ಎರಡು ಮುಂಚಕ್ರಗಳ ರಿಮ್ಮುಗಳ ನಡುವಣ ಅಂತರವು ಹಿಂಬದಿಯಲ್ಲಿರುವುದಕ್ಕಿಂತ ಮುಂಬದಿಯಲ್ಲಿ 3 ಮಿಲಿಮೀಟರ್ ಹೆಚ್ಚಾಗಿದ್ದರೆ, ಒಂದೊಂದು ಚಕ್ರದ ಪಾಲಿಗೆ 1.5 ಮಿಲಿಮೀಟರ್ ಬರುತ್ತದೆ. 1.5ನ್ನು 356ರಿಂದ ಭಾಗಿಸಿದರೆ 0.0042 ರೇಡಿಯನ್, ಅಂದರೆ ಕಾಲು ಡಿಗ್ರಿಯಷ್ಟೂ ಇಲ್ಲ. ಹೀಗಿದ್ದರೂ ಆ ಚಕ್ರವು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ 4 ಮೀಟರಿಗೂ ಹೆಚ್ಚು ದೂರ ಅಡ್ಡಕ್ಕೆ ಎಳೆಯಲ್ಪಟ್ಟಿರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಇರುವ ಸುಮಾರು 140 ಕಿಲೋಮೀಟರಿನ ದಾರಿಯಲ್ಲಿ ಈ ಅಡ್ಡ ಎಳೆತ ಅರ್ಧ ಕಿಲೋಮೀಟರನ್ನು ಮೀರುತ್ತದೆ! ರಬ್ಬರು ತನ್ನ ಸ್ಥಿತಿಸ್ಥಾಪಕ ಗುಣದಿಂದ ಇದರ ಒಂದು ಪಾಲನ್ನು ಬಾಗಿ ಸಹಿಸಿಕೊಳ್ಳುತ್ತದೆ. ಉಳಿದ ಪಾಲು ನೆಲದೊಡನೆ ಉಜ್ಜಾಟವಾಗಿ, ಶಾಖವಾಗಿ, ರಬ್ಬರಿನ ಪುಡಿಯಾಗಿ ವ್ಯಯವಾಗುತ್ತದೆ. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಎದುರು ದಿಕ್ಕಿನಲ್ಲಿ ಗರಗಸದಂತೆ ಒರಟಾಗಿಯೂ ತೋರಿದರೆ ಟೋ ಕೆಟ್ಟಿದೆಯೆಂದು ತಿಳಿಯಬಹುದು. ಗರಗಸದ ಲಕ್ಷಣವಿಲ್ಲದೆ ಒಂದು ಅಂಚು ಮಾತ್ರ ಸಮನಾಗಿ ಸವೆದಿದ್ದರೆ ಕ್ಯಾಂಬರಿನ ಮೇಲೆ ಸಂಶಯಪಡಬೇಕು.

ಅಪಾಯವು ಅಡಗಿರುವುದು ಇಲ್ಲಿಯೇ. ಸವೆಯುವುದು ಬಹುಮಟ್ಟಿಗೆ ಒಳಗಿನ ಅಂಚು. ಹೊರಗಿನಿಂದ ನೋಡುವವರಿಗೆ ಟೈರು ಹೊಸದರಂತೆಯೇ ಕಾಣುತ್ತದೆ. ನಮ್ಮ ನಿಯಮಗಳ ಪ್ರಕಾರ ಕಾರಿನ ಟೈರಿನ ಗಾಡಿಗಳ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಕೂಡದು. ಈ ಗಾಡಿಗಳು ಇರುವುದು ಮಳೆಯ ನೀರನ್ನು ಹೊರದೂಡುವುದಕ್ಕಾಗಿ. ಬೋಳಾದ ಟೈರು ನೀರನ್ನು ಹೊರದೂಡಲಾರದೆ, ವೇಗವು ಹೆಚ್ಚಾದಾಗ ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆಗ ಬ್ರೇಕೂ ಸ್ಟಿಯರಿಂಗೂ ಏನನ್ನೂ ಮಾಡಲಾರವು. ಒಳ ಅಂಚಿನ ರಬ್ಬರು ಇನ್ನೂ ತೇದು ನೂಲಿನ ಪದರ ಹೊರಬಿದ್ದರೆ ಟೈರು ಓಟದಲ್ಲಿಯೇ ಸಿಡಿಯಬಹುದು.

ಎದುರುಪಕ್ಷದವರ ವಾದವನ್ನೂ ಕೇಳುವುದು ನ್ಯಾಯ. ಕಾರನ್ನು ತಗ್ಗಿಸಿದರೆ ಗುರುತ್ವಕೇಂದ್ರ ಕೆಳಕ್ಕಿಳಿದು ತಿರುವಿನಲ್ಲಿ ಕಾರು ಹೆಚ್ಚು ಸ್ಥಿರವಾಗುತ್ತದೆಂದು ಅವರು ಹೇಳುತ್ತಾರೆ. ತತ್ತ್ವ ಸರಿಯಾದುದೇ, ಪ್ರಮಾಣ ಎಷ್ಟೆಂಬುದನ್ನು ನೋಡಬೇಕು. 900 ಕಿಲೋಗ್ರಾಂ ತೂಕದ ಕಾರೊಂದು ಗುರುತ್ವದ ಹತ್ತನೆಯ ನಾಲ್ಕು ಪಾಲಿನಷ್ಟು ವೇಗೋತ್ಕರ್ಷದಿಂದ ತಿರುಗುತ್ತಿದೆಯೆಂದೂ, ಎಡಬಲ ಚಕ್ರಗಳ ಅಂತರ 1.4 ಮೀಟರೆಂದೂ, ಗುರುತ್ವಕೇಂದ್ರದ ಎತ್ತರ 55 ಸೆಂಟಿಮೀಟರೆಂದೂ ಇಟ್ಟುಕೊಳ್ಳೋಣ. ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ಸುಮಾರು 141 ಕಿಲೋಗ್ರಾಂ ಭಾರ ವರ್ಗವಾಗುತ್ತದೆ. ಎತ್ತರವನ್ನು 51 ಸೆಂಟಿಮೀಟರಿಗೆ ಇಳಿಸಿದರೆ ಅದು 131 ಕಿಲೋಗ್ರಾಂ ಆಗುತ್ತದೆ. ಲಾಭ ನೂರಕ್ಕೆ ಏಳರಷ್ಟು ಮಾತ್ರ. ಅಡ್ಡತೋಳುಗಳ ಇಳಿಜಾರು ಬದಲಾದುದರಿಂದ, ಕಾರಿನ ಒಡಲು ಯಾವ ಬಿಂದುವಿನ ಸುತ್ತ ಹೊರಳುತ್ತದೆಯೋ ಆ ಬಿಂದುವು ಗುರುತ್ವಕೇಂದ್ರಕ್ಕಿಂತಲೂ ಹೆಚ್ಚು ಕೆಳಕ್ಕೆ ಹೋಗುವುದುಂಟು. ಆಗ ಇವೆರಡರ ನಡುವಣ ದೂರ ಬೆಳೆದು, ಸ್ಪ್ರಿಂಗುಗಳು ಸಾಕಷ್ಟು ಗಡುಸಾಗಿರದಿದ್ದರೆ, ಒಡಲು ಮೊದಲಿಗಿಂತ ಹೆಚ್ಚಾಗಿಯೇ ವಾಲಬಹುದು. ಪಂದ್ಯದ ಕಾರುಗಳಲ್ಲಿ ಎತ್ತರ, ತೋಳು, ಸ್ಪ್ರಿಂಗು, ಟೈರು ಇವೆಲ್ಲವನ್ನೂ ಒಟ್ಟಾಗಿ ಲೆಕ್ಕಹಾಕಿ ರೂಪಿಸಿರುತ್ತಾರೆ. ಅವು ಓಡುವುದು ಸಮತಟ್ಟಾದ ಹಾದಿಯಲ್ಲಿ.

ನಮ್ಮ ಬೀದಿಗಳ ಸ್ವರೂಪವೇ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲಿ ರಸ್ತೆ ಉಬ್ಬು 17 ಮೀಟರ್ ತ್ರಿಜ್ಯದ ಕಂಸವಾಗಿ, 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರವಾಗಿ ಇರಬೇಕೆಂದು ಹೇಳಿದೆ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವೆ 2.45 ಮೀಟರ್ ಅಂತರವುಳ್ಳ ಕಾರು ಇಂತಹ ಉಬ್ಬಿನ ನೆತ್ತಿಯನ್ನು ದಾಟುವಾಗ ಅದರ ತಳ ಕಳೆದುಕೊಳ್ಳುವ ಎತ್ತರ 4.4 ಸೆಂಟಿಮೀಟರ್ ಮಾತ್ರ. ತಗ್ಗಿಸಿದ ಕಾರೂ ಪಾರಾಗಬಹುದು. ಆದರೆ ಒಳಬೀದಿಗಳಲ್ಲಿ ನಾವು ಕಾಣುವ ಎಷ್ಟೋ ಉಬ್ಬುಗಳು ಕಿರಿದಾಗಿಯೂ ಕಡಿದಾಗಿಯೂ ಇರುತ್ತವೆ. ಅಂಥವುಗಳ ಎರಡು ಬದಿಗೂ ಚಕ್ರಗಳು ನೆಲದ ಮೇಲೆಯೇ ನಿಲ್ಲುವುದರಿಂದ ಉಬ್ಬಿನ ಪೂರ್ಣ ಎತ್ತರ ಕಾರಿನ ತಳಕ್ಕೆ ಎದುರಾಗುತ್ತದೆ. ತಗ್ಗಿಸಿದ ಕಾರಿನ ಸ್ಪ್ರಿಂಗಿಗೆ ಕುಗ್ಗಲು ಉಳಿದಿರುವ ಅವಕಾಶವೂ ಕಡಮೆ. ಹಳ್ಳಕ್ಕೆ ಬಿದ್ದಾಗ ಸ್ಪ್ರಿಂಗು ನುಂಗಿಕೊಳ್ಳಬೇಕಾದ ಪೆಟ್ಟು ನೇರವಾಗಿ ತೋಳಿಗೂ ಕೀಲುಗಳಿಗೂ ತಗಲುತ್ತದೆ. ಹಣ ಕೊಟ್ಟು ಸರಿಪಡಿಸಿದ ಕೋನಗಳು ಮತ್ತೆ ಕೆಡುತ್ತವೆ.

ಹಾಗಾದರೆ ಈಗಾಗಲೇ ಕಾರನ್ನು ತಗ್ಗಿಸಿದವರು ಮಾಡಬೇಕಾದುದೇನು? ಮೊದಲು ಕತ್ತರಿಸಿದ ಸ್ಪ್ರಿಂಗಿದ್ದರೆ ಅದನ್ನು ತೆಗೆಯಿಸಬೇಕು. ಚಕ್ರ ಹಳ್ಳಕ್ಕೆ ಇಳಿದಾಗ ಅದು ತನ್ನ ನೆಲೆಯಿಂದ ಕಳಚಿಕೊಳ್ಳುವ ಸಂಭವವಿದೆ. ಅನಂತರ ಟೈರುಗಳ ಗಾಳಿ, ಕೀಲುಗಳು, ಬುಷ್‌ಗಳು ಸರಿಯಾಗಿವೆಯೇ ನೋಡಬೇಕು. ಸಡಿಲವಾದ ಕೀಲಿನ ಮೇಲೆ ಮಾಡಿದ ಅಳತೆ ನಿಷ್ಪ್ರಯೋಜಕ. ಎತ್ತರವು ನಿಶ್ಚಿತವಾದ ಮೇಲೆ ಹಿಂಚಕ್ರಗಳನ್ನು ಅಳೆದು, ಮುಂಚಕ್ರಗಳ ಕ್ಯಾಸ್ಟರ್, ಕ್ಯಾಂಬರುಗಳನ್ನು ನೋಡಿ, ಟೋವನ್ನು ಕಟ್ಟಕಡೆಗೆ ಸರಿಪಡಿಸಬೇಕು. ಏಕೆಂದರೆ ಕ್ಯಾಂಬರನ್ನು ಬದಲಿಸಿದರೆ ಟೋ ಸಹ ಬದಲಾಗುತ್ತದೆ. ಇಲ್ಲೊಂದು ತೊಡಕುಂಟು. ಅನೇಕ ಚಿಕ್ಕ ಕಾರುಗಳಲ್ಲಿ ತಯಾರಕರು ಹೊಂದಿಸಲು ಅವಕಾಶವಿತ್ತಿರುವುದು ಮುಂಚಕ್ರಗಳ ಟೋವಿಗೆ ಮಾತ್ರ. ಕ್ಯಾಂಬರಿಗಾಗಿ ವಿಶೇಷ ಬೋಲ್ಟುಗಳನ್ನು ಹಾಕಬಹುದಾದರೂ ಅವುಗಳಿಂದ ದೊರೆಯುವ ತಿದ್ದುಪಡಿಗೆ ಮಿತಿಯಿದೆ. ಆದಕಾರಣ ಅಳತೆಯು ತಯಾರಕರ ಮಿತಿಯೊಳಗೆ ಬಾರದಿದ್ದರೆ ಎತ್ತರವನ್ನು ಮೊದಲಿನ ಸ್ಥಿತಿಗೆ ತರುವುದೊಂದೇ ಪರಿಹಾರ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಕೆಲಸಕ್ಕೆ ಮುಂಚಿನ ಮತ್ತು ಅನಂತರದ ಅಳತೆಗಳುಳ್ಳ ಚೀಟಿಯನ್ನು ಕೇಳಿ ಪಡೆಯಿರಿ. ಸಂಖ್ಯೆಗಳಿಲ್ಲದ “ಸರಿಹೋಯಿತು” ಎಂಬ ಮಾತನ್ನು ವಿಜ್ಞಾನದ ವಿದ್ಯಾರ್ಥಿ ಒಪ್ಪಬಾರದು. ಮನೆಯಲ್ಲಿಯೂ ಪರೀಕ್ಷೆ ಸಾಧ್ಯ. ಗಾರೆಯವರ ತೂಗುಗುಂಡೊಂದನ್ನು ಚಕ್ರದ ಹೊರಮೈಗೆ ತಾಗದಂತೆ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಇರುವ ದೂರವನ್ನು ಅಳೆಯಿರಿ. 14 ಅಂಗುಲದ ರಿಮ್ಮಿನಲ್ಲಿ ಈ ದೂರಗಳ ವ್ಯತ್ಯಾಸ 12 ಮಿಲಿಮೀಟರ್ ಬಂದರೆ ಕ್ಯಾಂಬರ್ ಸುಮಾರು 2 ಡಿಗ್ರಿ. ಹನುಮಂತನಗರದ ದಿಣ್ಣೆಯ ಬೀದಿಗಳಂತಹ ಇಳಿಜಾರಿನಲ್ಲಿ ಇದನ್ನು ಮಾಡಿದರೆ ನೆಲದ ಓರೆಯೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಸಮತಟ್ಟಾದ ಜಾಗವನ್ನೇ ಆರಿಸಬೇಕು. ತಿಂಗಳಿಗೊಮ್ಮೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಟೈರಿನ ಒಳ ಅಂಚನ್ನು ಕಣ್ಣಾರೆ ನೋಡುವುದಂತೂ ಯಾರಿಗೂ ಕಷ್ಟವಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮಿನ ವಿಚಾರವಾಗಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತು, ತಯಾರಕರು ನಿಗದಿಪಡಿಸಿದ ಮೂಲ ಲಕ್ಷಣಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಹೇಳಿತು. ದಂಡದ ಭಯಕ್ಕಾಗಿ ಮಾತ್ರ ಇದನ್ನು ಪಾಲಿಸಬೇಕಾಗಿಲ್ಲ. ತಯಾರಕರ ಅಳತೆಗಳು ಒಂದರೊಡನೊಂದು ಹೆಣೆದುಕೊಂಡಿರುವ ಸಮೀಕರಣಗಳಂತೆ. ಒಂದು ಪದವನ್ನು ಬದಲಿಸಿ ಉಳಿದವು ಹಾಗೆಯೇ ಇರಲೆಂದು ಬಯಸುವುದು ಸಲ್ಲದು. ಎತ್ತರವೂ ಆ ಸಮೀಕರಣದ ಒಂದು ಪದವೇ. ಅದನ್ನು ಬಿಟ್ಟು ಚಕ್ರವನ್ನಷ್ಟೇ ತಿದ್ದಹೊರಟರೆ ಉತ್ತರ ತಪ್ಪುತ್ತದೆ. ತಪ್ಪಿದ ಉತ್ತರವನ್ನು ಟೈರು ತನ್ನ ಒಳ ಅಂಚಿನಲ್ಲಿ ಬರೆದಿಡುತ್ತದೆ. ಮಳೆಗಾಲ ಬರುವ ಮುಂಚೆಯೇ ನಮ್ಮ ತರುಣರು ಅದನ್ನು ಓದಿಕೊಳ್ಳಲಿ.