ಎಣಿಕೆಗೆ ಮನೆಯ ಮಾತು ಬೇಡವೆ?

ಮೊದಲನೆಯ ತರಗತಿಯ ಬಾಲಕನೊಬ್ಬನು ‘ಇಪ್ಪತ್ತೊಂಬತ್ತು’ ಎಂಬುದನ್ನು ಕೇಳಿ ತನ್ನ ಸ್ಲೇಟಿನ ಮೇಲೆ 39 ಎಂದು ಬರೆದನೆನ್ನೋಣ. ಹುಡುಗನಿಗೆ ಲೆಕ್ಕ ಹತ್ತದೆಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ತಪ್ಪಿನ ಮೂಲವು ಅವನ ಬುದ್ಧಿಯಲ್ಲಿದೆಯೋ ಭಾಷೆಯಲ್ಲಿದೆಯೋ ಎಂದು ವಿಚಾರಿಸುವವರು ವಿರಳ.

ಬೆಂಗಳೂರಿನ ಹಲಸೂರಿಗೆ ಸಮೀಪದ ಮರ್ಫಿ ಟೌನಿನಂತಹ ಬಡಾವಣೆಗಳಲ್ಲಿ ಈ ವಿಚಾರಣೆ ಅತ್ಯಗತ್ಯವಾದುದು. ಅದು ಹಳೆಯ ದಂಡುಪ್ರದೇಶದ ಭಾಗ. ಪೇಟೆ ಮತ್ತು ದಂಡಿನ ಪುರಸಭೆಗಳು 1949ರಲ್ಲಿ ಒಂದಾದುವು. ಬೀದಿಯ ಮಾತುಗಳು ಮಾತ್ರ ಹಲವಾಗಿಯೇ ಉಳಿದುವು. ತಮಿಳು, ತೆಲುಗು, ಉರ್ದು, ಕನ್ನಡ ಇವುಗಳನ್ನಾಡುವ ಮನೆಗಳ ಮಕ್ಕಳು ಅಲ್ಲಿ ಒಂದೇ ತರಗತಿಯಲ್ಲಿ ಕೂಡುವುದುಂಟು.

ಸಂಖ್ಯೆಯ ಹೆಸರುಗಳು ಎಲ್ಲ ಭಾಷೆಗಳಲ್ಲಿಯೂ ಒಂದೇ ಕ್ರಮದಲ್ಲಿ ಕಟ್ಟಲ್ಪಟ್ಟಿಲ್ಲ. ಕನ್ನಡದ ‘ಇಪ್ಪತ್ತೊಂದು’ ಎಂಬಲ್ಲಿ ಮೊದಲು ಎರಡು ಹತ್ತುಗಳು, ಬಳಿಕ ಒಂದು. ಬರೆಯುವ ಕ್ರಮವೂ ಅದೇ. ಉರ್ದುವಿನಲ್ಲಿ 29ಕ್ಕೆ ‘ಉನ್ತೀಸ್’ ಎನ್ನುವರು; ಮೂವತ್ತಕ್ಕೆ, ಎಂದರೆ ‘ತೀಸ್’ಗೆ, ಒಂದು ಕಡಿಮೆ ಎಂದು ಅದರ ಅರ್ಥ. ಮೂವತ್ತರ ಹೆಸರು ಕಿವಿಯಲ್ಲಿರುವ ಮಗುವಿನ ಕೈ 3ರ ಕಡೆಗೆ ಹರಿದರೆ ಸೋಜಿಗವೇನು? ತಮಿಳಿನಲ್ಲಿ ತೊಂಬತ್ತು ‘ತೊಣ್ಣೂರು’. ಅದರ ಕೊನೆಯಲ್ಲಿ ಕೇಳುವುದು ನೂರು. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಮೂರು ಮೊದಲು, ಹತ್ತು ಆಮೇಲೆ. ಇವಾವುವೂ ದೋಷಗಳಲ್ಲ, ಆಯಾ ಭಾಷೆಯ ನಡೆಗಳು.

ಆದುದರಿಂದ ಅಂಕೆಯನ್ನು ಬರೆಯಿಸುವ ಮೊದಲು ಹತ್ತನ್ನು ಕೈಗೆ ಕೊಡಬೇಕು. ಪೊರಕೆಯ ಕಡ್ಡಿಗಳನ್ನು ಮುರಿದು, ಹತ್ತು ಹತ್ತನ್ನು ದಾರದಿಂದ ಕಟ್ಟುವ ಕೆಲಸವನ್ನು ಮಕ್ಕಳೇ ಮಾಡಲಿ. ಎರಡು ಕಟ್ಟು, ಒಂಬತ್ತು ಬಿಡಿ ಕಡ್ಡಿ ಮುಂದಿರುವಾಗ ಪ್ರತಿಯೊಬ್ಬರೂ ತಂತಮ್ಮ ಮನೆಯ ಮಾತಿನಲ್ಲಿ ಅದನ್ನು ಹೇಳಲಿ. ಅನಂತರ ಎಲ್ಲರೂ ಕನ್ನಡದಲ್ಲಿ ಹೇಳಲಿ. ಕಟ್ಟಕಡೆಗೆ 29 ಎಂದು ಬರೆಯಲಿ. ಇನ್ನೊಂದು ಕಡ್ಡಿಯನ್ನಿಟ್ಟೊಡನೆ ಮೂರನೆಯ ಕಟ್ಟು ಸಿದ್ಧವಾಗುವುದು. ‘ಮೂವತ್ತಕ್ಕೆ ಒಂದು ಕಡಿಮೆ’ ಎಂಬ ಉರ್ದು ಹೆಸರಿನ ಜಾಣತನವನ್ನು ಆಗ ಇಡೀ ತರಗತಿಯು ಕಣ್ಣಾರೆ ಕಾಣುವುದು. ತಪ್ಪಿಗೆ ಕಾರಣವಾಗಿದ್ದ ಮಾತೇ ಪಾಠವಾಗಿ ಪರಿಣಮಿಸುವುದು.

ಇಂತಹ ಬೋಧನೆ ನಮ್ಮ ನಾಡಿಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಕಾರ್ಡುಗಳನ್ನೂ ಸಣ್ಣ ಗುಂಪುಗಳನ್ನೂ ಬಳಸಿ, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುವ ಏರ್ಪಾಡನ್ನು ಮಾಡಿತು. ಆ ಮೆಟ್ಟಿಲುಗಳಲ್ಲಿ ಮನೆಯ ಮಾತಿಗೂ ಒಂದು ಸ್ಥಾನವಿರಬೇಕೆಂಬುದೇ ನಮ್ಮ ವಾದ.

ಉಪಾಧ್ಯಾಯರು ನಾಲ್ಕು ಭಾಷೆಗಳನ್ನು ಎಲ್ಲಿಂದ ಕಲಿಯಬೇಕೆಂದು ಯಾರಾದರೂ ಕೇಳಬಹುದು. ಕಲಿಯಬೇಕಾದುದು ನೂರರೊಳಗಿನ ಹೆಸರುಗಳನ್ನು ಮಾತ್ರ; ಕಲಿಸುವವರು ಎದುರಿಗೇ ಕುಳಿತಿದ್ದಾರೆ. ಇಂಗ್ಲಿಷಿಗೆ ಇದರಿಂದ ವಿಳಂಬವಾದೀತೆಂದು ತಂದೆತಾಯಿಗಳು ಅಂಜಬಹುದು. ಹತ್ತರ ಕಟ್ಟನ್ನು ಅರಿತ ಮಗುವಿಗೆ ಇಂಗ್ಲಿಷಿನ ಹೆಸರು ಇನ್ನೊಂದು ಹೆಸರಷ್ಟೆ. ಅರಿಯದ ಮಗುವಿಗಾದರೋ ಎಲ್ಲ ಹೆಸರುಗಳೂ ಬರಿಯ ಬಾಯಿಪಾಠ. ಕಡ್ಡಿಗಳನ್ನು ಕೊನೆಯವರೆಗೂ ಹಿಡಿದಿರಬೇಕೆಂದು ನಾವು ಹೇಳುತ್ತಿಲ್ಲ. ಕಲ್ಪನೆ ಬಲಿತ ಮೇಲೆ ಅವುಗಳನ್ನು ಬದಿಗಿಡಬೇಕಾದುದೇ.

ಆರು ವರ್ಷದ ಮಗುವಿಗೆ ‘ದಡ್ಡ’ ಎಂಬ ಹೆಸರನ್ನು ಒಮ್ಮೆ ಅಂಟಿಸಿದರೆ, ಅದನ್ನು ಅದು ಬಹುಕಾಲ ನಂಬಬಹುದು. ಹಾಗೆನ್ನುವ ಮೊದಲು ‘ನಿನ್ನ ಮನೆಯಲ್ಲಿ ಇದನ್ನು ಏನೆನ್ನುವರು?’ ಎಂದು ಕೇಳಿನೋಡೋಣ. ಈ ಪ್ರಶ್ನೆಗೆ ಒಂದು ಕಾಸೂ ಖರ್ಚಿಲ್ಲ.